ಪಾಸ್‌ವರ್ಡ್ ಬದಲಿಸಿದ ಮೇಲೂ ಮೇಲ್ ಸೋರುತ್ತಿತ್ತು: ಖಾತೆಗೆ ಯಾರೋ ನುಗ್ಗಿದ ಗುಮಾನಿ ಬಂದರೆ ಏನು ಮಾಡಬೇಕು

ನಾನು ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುವವಳು. ಬಿಲ್ ಕಳಿಸುವುದು, ಮಾಲು ಸಾಗಿಸಲು ಬೇಕಾದ ಇ-ವೇ ಬಿಲ್ ತೆಗೆಯುವುದು, ಮಾಲು ಕೊಳ್ಳುವ ಪಾರ್ಟಿಗಳಿಗೆ ಮೇಲ್ ಹಾಕುವುದು, ಹಣ ಜಮಾ ಆಯಿತಾ ಅಂತ ನೋಡುವುದು, ಎಲ್ಲ ನನ್ನ ಟೇಬಲ್ಲಿನ ಕೆಲಸ. ಜನವರಿ ಬಂದರೆ ನಮಗೆ ಊಟಕ್ಕೂ ಪುರಸೊತ್ತಿರುವುದಿಲ್ಲ. ಗಂಜ್‌ಗೆ, ಅಂದರೆ ಧಾನ್ಯದ ಮಾರುಕಟ್ಟೆಗೆ, ಹೊಸ ತೊಗರಿ ಬರುತ್ತದೆ, ಮಿಲ್ ಹಗಲು ರಾತ್ರಿ ಓಡುತ್ತದೆ.

ಅಂಥ ಒಂದು ಮಧ್ಯಾಹ್ನ ಮದುರೈನ ಪಾರ್ಟಿಯವರು ಫೋನ್ ಮಾಡಿದರು. "ಮೇಡಂ, ನಿಮ್ಮ ಬ್ಯಾಂಕ್ ಬದಲಾಗಿದೆಯಾ?" ಅಂತ ಹಿಂದಿಯಲ್ಲಿ ಕೇಳಿದರು. ಇಲ್ಲವಲ್ಲ ಅಂದೆ. ಅವರು ತಮಗೆ ಬಂದ ಬಿಲ್ಲಿನ ಫೋಟೋ ಕಳಿಸಿದರು. ನೋಡಿ ನನ್ನ ಕೈ ತಣ್ಣಗಾಯಿತು. ಅದು ನಮ್ಮದೇ ಬಿಲ್. ನಮ್ಮ ಜಿಎಸ್‌ಟಿ ನಂಬರ್, ನಮ್ಮ ಲೋಗೋ, ನೂರು ಕ್ವಿಂಟಾಲ್ ಫಟ್ಕಾ ತೊಗರಿ ಬೇಳೆ, ರೇಟು ಕೂಡ ಸರಿ. ಕೆಳಗಿನ ಅಕೌಂಟ್ ನಂಬರ್ ಮತ್ತು ಐಎಫ್‌ಎಸ್‌ಸಿ ಮಾತ್ರ ಬೇರೆ. ಕಳಿಸಿದ ವಿಳಾಸವೂ ಮೊದಲ ನೋಟಕ್ಕೆ ನಮ್ಮದೇ ಅನ್ನಿಸುತ್ತಿತ್ತು. ನಮ್ಮದರಲ್ಲಿ ಒಂದು 'ಎಲ್' ಇದ್ದ ಕಡೆ ಅದರಲ್ಲಿ ಎರಡು ಇದ್ದವು.

ಅವರು ಹಣ ಹಾಕುವ ಮುಂಚೆ ಕೇಳಿದ್ದರಿಂದ ಹತ್ತು ಲಕ್ಷಕ್ಕೂ ಜಾಸ್ತಿ ಹಣ ಉಳಿಯಿತು. ನಾನು ತಕ್ಷಣ ನಮ್ಮ ಜಿಮೇಲ್‌ನ ಪಾಸ್‌ವರ್ಡ್ ಬದಲಿಸಿದೆ. ಮುಗಿಯಿತು ಅಂದುಕೊಂಡೆ. ಮುಗಿದಿರಲಿಲ್ಲ. ಮೂರನೇ ದಿನ ಚೆನ್ನೈನ ಇನ್ನೊಂದು ಪಾರ್ಟಿ "ಪೇಮೆಂಟ್ ಬಗ್ಗೆ ಎರಡು ಮೇಲ್ ಹಾಕಿದೆ, ನೀವು ಉತ್ತರವನ್ನೇ ಕೊಡಲಿಲ್ಲ" ಅಂದರು. ನನ್ನ ಇನ್‌ಬಾಕ್ಸ್‌ನಲ್ಲಿ ಆ ಮೇಲ್ ಒಂದೂ ಇರಲಿಲ್ಲ.

ಆ ಮೂರು ದಿನದಲ್ಲಿ ಮತ್ತು ಆಮೇಲೆ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಮಿಲ್ ಆಗಲಿ, ಕಿರಾಣಿ ಅಂಗಡಿ ಆಗಲಿ, ಸ್ವಂತ ಖಾತೆ ಆಗಲಿ, ಕ್ರಮ ಒಂದೇ.

ಮೊದಲು ಗುಮಾನಿ ನಿಜವಾ ನೋಡಿ

"ಹೊಸ ಸಾಧನದಿಂದ ಲಾಗಿನ್ ಆಗಿದೆ" ಅಂತ ಮೇಲ್ ಬಂದರೆ ಅದರೊಳಗಿನ ಬಟನ್ ಒತ್ತಬೇಡಿ. ಆ ಎಚ್ಚರಿಕೆಯೇ ನಕಲಿ ಇರಬಹುದು. ನಮ್ಮ ಖಾತೆ ಹೋದದ್ದೂ ಹೆಚ್ಚು ಕಡಿಮೆ ಹೀಗೇ. ಹತ್ತು ದಿನ ಮುಂಚೆ ಒಂದು ಲಾರಿ ಕಂಪನಿಯ ಹೆಸರಲ್ಲಿ ಮೇಲ್ ಬಂದಿತ್ತು, "ನಿಮ್ಮ ಬಿಲ್ಟಿ ಇಲ್ಲಿದೆ" ಅಂತ. ಬಿಲ್ಟಿ ಅಂದರೆ ಲಾರಿಗೆ ಮಾಲು ಹಾಕಿದ್ದಕ್ಕೆ ಕೊಡುವ ರಸೀದಿ. ಒತ್ತಿದೆ. ಗೂಗಲ್ ಪುಟದಂಥದ್ದೇ ಒಂದು ಪುಟ ತೆರೆದು ಪಾಸ್‌ವರ್ಡ್ ಕೇಳಿತು. ದಿನಕ್ಕೆ ಇಪ್ಪತ್ತು ಬಿಲ್ಟಿ ನೋಡುವ ಸಮಯ ಅದು. ಹಾಕಿಬಿಟ್ಟೆ.

ಆದ್ದರಿಂದ ಬ್ರೌಸರ್‌ನಲ್ಲಿ ನೀವೇ ವಿಳಾಸ ಟೈಪ್ ಮಾಡಿ ಗೂಗಲ್ ಅಕೌಂಟ್ ಪುಟಕ್ಕೆ ಹೋಗಿ. ಅಲ್ಲಿ ಸೆಕ್ಯುರಿಟಿ ಭಾಗದಲ್ಲಿ 'ನಿಮ್ಮ ಸಾಧನಗಳು' ಅಂತ ಇದೆ. ಯಾವ ಫೋನ್, ಯಾವ ಕಂಪ್ಯೂಟರ್‌ನಲ್ಲಿ ಖಾತೆ ತೆರೆದಿದೆ ಅಂತ ಅಲ್ಲಿ ಕಾಣುತ್ತದೆ. ಕಂಪ್ಯೂಟರ್‌ನಲ್ಲಿ ಜಿಮೇಲ್ ತೆರೆದರೆ ಪುಟದ ಕೆಳಗೆ ಬಲಗಡೆ ಸಣ್ಣ ಅಕ್ಷರದಲ್ಲಿ 'ಡೀಟೇಲ್ಸ್' ಅಂತಲೂ ಇರುತ್ತದೆ. ಅದನ್ನು ಒತ್ತಿದರೆ ಇತ್ತೀಚೆಗೆ ಯಾವ ಹೊತ್ತಿಗೆ, ಯಾವ ಐಪಿ ವಿಳಾಸದಿಂದ (ನೆಟ್ ಸಂಪರ್ಕದ ಗುರುತಿನ ಸಂಖ್ಯೆ), ಬ್ರೌಸರ್‌ನಿಂದಲೋ ಮೊಬೈಲ್‌ನಿಂದಲೋ ಖಾತೆ ತೆರೆದರು ಅನ್ನುವ ಪಟ್ಟಿ ಬರುತ್ತದೆ.

ಇಲ್ಲಿ ಒಂದು ಮಾತು. ಊರಿನ ಹೆಸರು ನೋಡಿ ಗಾಬರಿಯಾಗಬೇಡಿ. ನಾವು ಕಲಬುರಗಿಯಲ್ಲಿ ಕೂತು ಮೊಬೈಲ್ ನೆಟ್ ಬಳಸಿದರೂ ಪಟ್ಟಿಯಲ್ಲಿ ಬೆಂಗಳೂರು ಅಂತಲೋ ಹೈದರಾಬಾದ್ ಅಂತಲೋ ಬರಬಹುದು. ನೆಟ್‌ವರ್ಕ್ ಕಂಪನಿಯ ಐಪಿ ಎಲ್ಲಿಯದೋ ಆ ಊರು ಕಾಣುತ್ತದೆ ಅಷ್ಟೆ. ನಾನು ಊರಿಗಿಂತ ಸಮಯವನ್ನು ನಂಬುತ್ತೇನೆ. ಮಿಲ್‌ನ ಕಂಪ್ಯೂಟರ್ ರಾತ್ರಿ ಎಂಟಕ್ಕೆ ಬಂದ್ ಆಗುತ್ತದೆ. ಪಟ್ಟಿಯಲ್ಲಿ ನಸುಕಿನ ಮೂರು ಗಂಟೆಗೆ ಒಂದು ಕಂಪ್ಯೂಟರ್ ಇತ್ತು. ಆ ಹೊತ್ತಿಗೆ ನಾನೂ ನನ್ನ ಫೋನೂ ಮನೆಯಲ್ಲಿ ಮಲಗಿದ್ದೆವು.

ಕಳಿಸಿದ ಮೇಲ್‌ಗಳಲ್ಲಿ ನೀವು ಬರೆಯದ್ದು ಇದ್ದರೆ, ನೀವು ಕೇಳದ ಒಟಿಪಿ ಬರುತ್ತಿದ್ದರೆ, ಗೆಳೆಯರು "ದುಡ್ಡು ಕೇಳಿದ್ಯಲ್ಲಾ" ಅಂದರೆ, ಬರಬೇಕಾದ ಮೇಲ್ ಬರದಿದ್ದರೆ, ಇವೂ ಗುಮಾನಿ ಪಡಬೇಕಾದ ವಿಷಯಗಳೇ. ಕೊನೆಯದನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಫೋಟೋ ಮೊದಲು, ಪಾಸ್‌ವರ್ಡ್ ಆಮೇಲೆ

ಕೈ ತವಕಿಸುವುದು ಪಾಸ್‌ವರ್ಡ್ ಬದಲಿಸಲಿಕ್ಕೆ. ಎರಡು ನಿಮಿಷ ತಡೆಯಿರಿ. ಆ ಸಾಧನಗಳ ಪಟ್ಟಿ, ಐಪಿ ಪಟ್ಟಿ, ನಕಲಿ ಬಿಲ್, ಅದು ಬಂದ ವಿಳಾಸ, ಎಲ್ಲದರ ಫೋಟೋ ತೆಗೆದುಕೊಳ್ಳಿ. ತಾರೀಖು, ಸಮಯ ಕಾಣುವ ಹಾಗಿರಲಿ. ಆಮೇಲೆ ಪೊಲೀಸರು ಇದನ್ನೇ ಕೇಳುತ್ತಾರೆ. ಕೆಟ್ಟ ಮೇಲ್ ಅಂತ ಸಿಟ್ಟಿನಲ್ಲಿ ಅಳಿಸಬೇಡಿ. ಅದೇ ಸಾಕ್ಷಿ.

ಆಮೇಲೆ ಪಾಸ್‌ವರ್ಡ್. ಆದರೆ ಯಾವ ಯಂತ್ರದಿಂದ ಬದಲಿಸುತ್ತೀರಿ ಅನ್ನುವುದು ಮುಖ್ಯ. ಕಂಪ್ಯೂಟರ್‌ನಲ್ಲೇ ವೈರಸ್ ಕೂತಿದ್ದರೆ ನೀವು ಹೊಸದಾಗಿ ಟೈಪ್ ಮಾಡಿದ್ದೂ ನುಗ್ಗಿದವನ ಕೈಗೇ ಹೋಗುತ್ತದೆ. ನಾನು ಮಿಲ್‌ನ ಕಂಪ್ಯೂಟರನ್ನು ಬಿಟ್ಟು ನನ್ನ ಫೋನಿನಿಂದ ಬದಲಿಸಿದೆ. ಕಂಪ್ಯೂಟರನ್ನು ಆಂಟಿವೈರಸ್‌ನಿಂದ ಪೂರ್ತಿ ತಪಾಸಣೆ ಮಾಡಿಸಿದ ಮೇಲೇ ಮತ್ತೆ ಅದರಲ್ಲಿ ಲಾಗಿನ್ ಆದೆ. ಕ್ರೋಮ್‌ನಲ್ಲಿ ನೀವು ಹಾಕದ ಎಕ್ಸ್‌ಟೆನ್ಶನ್ (ಬ್ರೌಸರ್‌ಗೆ ಸೇರಿಸುವ ಸಣ್ಣ ಆ್ಯಪ್) ಇದ್ದರೆ ಅದನ್ನೂ ತೆಗೆಯಿರಿ. ಸೈಬರ್ ಸೆಂಟರ್‌ನ ಕಂಪ್ಯೂಟರ್‌ನಲ್ಲಂತೂ ಈ ಕೆಲಸ ಮಾಡಲೇಬೇಡಿ.

ಹೊಸ ಪಾಸ್‌ವರ್ಡ್ ಉದ್ದ ಇರಲಿ, ಬೇರೆಲ್ಲೂ ಬಳಸಿರಬಾರದು. ಸಂಬಂಧವಿಲ್ಲದ ನಾಲ್ಕು ಪದ ಜೋಡಿಸಿದರೆ ನೆನಪೂ ಇರುತ್ತದೆ. ಮಿಲ್ ಹೆಸರು, ಇಸವಿ, ಮಗುವಿನ ಹೆಸರು ಬೇಡ. ಆಮೇಲೆ ಸಾಧನಗಳ ಪಟ್ಟಿಗೆ ಮತ್ತೆ ಹೋಗಿ ಗೊತ್ತಿಲ್ಲದ್ದನ್ನೆಲ್ಲ ಒಂದೊಂದಾಗಿ ಸೈನ್ ಔಟ್ ಮಾಡಿ. ಗೂಗಲ್‌ನಲ್ಲಿ ಪಾಸ್‌ವರ್ಡ್ ಬದಲಿಸಿದಾಗ ಬಹುತೇಕ ಸಾಧನಗಳು ತಾವೇ ಹೊರಬೀಳುತ್ತವೆ. ಆದರೂ ಕಣ್ಣಾರೆ ನೋಡಿ.

ಅವನು ಬಿಟ್ಟು ಹೋದ ಕಿಂಡಿ

ಇದನ್ನು ಬರೆಯಬೇಕು ಅಂತಲೇ ನಾನು ಕೂತಿದ್ದು. ಬೀಗ ಬದಲಿಸಿದೆವು ಸರಿ, ಗೋಡೆಗೆ ಅವನು ಕಿಂಡಿ ಕೊರೆದು ಹೋಗಿದ್ದರೆ?

ಚೆನ್ನೈನವರ ಫೋನ್ ಬಂದ ಮೇಲೆ ನಾನು ಜಿಮೇಲ್‌ನ ಸೆಟ್ಟಿಂಗ್ಸ್ ತೆರೆದು ಒಂದೊಂದೇ ಪುಟ ಓದಿದೆ. ಅಷ್ಟು ವರ್ಷದಲ್ಲಿ ಅದನ್ನು ಪೂರ್ತಿ ಓದಿದ್ದು ಅದೇ ಮೊದಲು. 'ಫಿಲ್ಟರ್ಸ್' ಅನ್ನುವ ಪುಟದಲ್ಲಿ ಒಂದು ಸಾಲು ಇತ್ತು. ನಾನು ಹಾಕಿದ್ದಲ್ಲ. ಮೇಲ್‌ನಲ್ಲಿ 'ಪೇಮೆಂಟ್', 'ಆರ್‌ಟಿಜಿಎಸ್', 'ಅಕೌಂಟ್' ಈ ಮೂರರಲ್ಲಿ ಯಾವ ಪದ ಬಂದರೂ ಆ ಮೇಲ್ ಬೇರೆ ಒಂದು ವಿಳಾಸಕ್ಕೆ ಹೋಗಬೇಕು, ಇಲ್ಲಿ ಓದಿದ ಹಾಗೆ ಗುರುತಾಗಬೇಕು, ಆಮೇಲೆ ಟ್ರ್ಯಾಶ್‌ಗೆ ಬೀಳಬೇಕು. ಪಾಸ್‌ವರ್ಡ್ ಬದಲಿಸಿದರೆ ಈ ಫಿಲ್ಟರ್‌ಗೆ ಏನೂ ಆಗುವುದಿಲ್ಲ. ಅವನು ಲಾಗಿನ್ ಆಗುವ ಅಗತ್ಯವೇ ಇಲ್ಲ. ನಮ್ಮ ಖಾತೆಯೇ ಅವನಿಗೆ ಮೇಲ್ ಮುಟ್ಟಿಸುತ್ತಿತ್ತು.

ಟ್ರ್ಯಾಶ್ ತೆರೆದೆ. ಚೆನ್ನೈನವರ ಎರಡೂ ಮೇಲ್ ಅಲ್ಲಿದ್ದವು. ಇನ್ನೂ ಹನ್ನೊಂದು ಇದ್ದವು. ಜಿಮೇಲ್‌ನ ಟ್ರ್ಯಾಶ್ 30 ದಿನಕ್ಕೆ ತಾನಾಗಿ ಖಾಲಿಯಾಗುತ್ತದೆ, ಅದಕ್ಕೇ ಈ ಕೆಲಸವನ್ನು ಮುಂದಿನ ತಿಂಗಳಿಗೆ ಇಡಬೇಡಿ.

ನೀವೂ ಹೀಗೇ ಕೂತು ನೋಡಿ. ಫಿಲ್ಟರ್ಸ್ ಪುಟದ ನಂತರ 'ಫಾರ್ವರ್ಡಿಂಗ್' ಪುಟ. ಅಲ್ಲಿ ಬೇರೆ ವಿಳಾಸ ಇದ್ದರೆ ತೆಗೆಯಿರಿ. 'ಅಕೌಂಟ್ಸ್' ಪುಟದಲ್ಲಿ ನಿಮ್ಮ ಹೆಸರಲ್ಲಿ ಮೇಲ್ ಕಳಿಸಲು ಇನ್ನೊಂದು ವಿಳಾಸ ಸೇರಿಸಿದ್ದಾರಾ, ಉತ್ತರಗಳು ಹೋಗುವ ವಿಳಾಸ ಬದಲಾಗಿದೆಯಾ, ಬೇರೆಯವರಿಗೆ ನಿಮ್ಮ ಖಾತೆ ಓದುವ ಅನುಮತಿ ಇದೆಯಾ ನೋಡಿ. ಮೇಲ್ ಕೆಳಗಿನ ಸಹಿಯಲ್ಲಿ ಫೋನ್ ನಂಬರ್ ಬದಲಾಗಿದೆಯಾ ನೋಡಿ. ಇದನ್ನೆಲ್ಲ ಕಂಪ್ಯೂಟರ್‌ನಲ್ಲೇ ಮಾಡಿ, ಫೋನಿನ ಆ್ಯಪ್‌ನಲ್ಲಿ ಎಲ್ಲ ಕಾಣುವುದಿಲ್ಲ.

ಗೂಗಲ್ ಅಕೌಂಟ್ ಪುಟದಲ್ಲಿ ಇನ್ನೆರಡು ಜಾಗ ಇವೆ. ಒಂದು, ರಿಕವರಿ ಫೋನ್ ಮತ್ತು ರಿಕವರಿ ಇಮೇಲ್. ಅಲ್ಲಿ ಅವನ ನಂಬರ್ ಇದ್ದರೆ ನಾಳೆ 'ಪಾಸ್‌ವರ್ಡ್ ಮರೆತೆ' ಅಂದು ಮತ್ತೆ ಒಳಗೆ ಬರುತ್ತಾನೆ. ನಮ್ಮದರಲ್ಲಿ ಮಿಲ್ ಬಿಟ್ಟು ಹೋದ ಹಳೆಯ ಹುಡುಗನ ನಂಬರ್ ಇತ್ತು. ಅವನು ಒಳ್ಳೆಯ ಹುಡುಗ, ಅವನ ತಪ್ಪೇನೂ ಇಲ್ಲ. ಆದರೂ ಆ ನಂಬರ್ ಅಲ್ಲಿರಬಾರದು. ಇನ್ನೊಂದು, ನಿಮ್ಮ ಖಾತೆಗೆ ಜೋಡಿಸಿದ ಬೇರೆ ಆ್ಯಪ್‌ಗಳು. ಗುರುತು ಸಿಗದ್ದನ್ನು ಕಿತ್ತು ಹಾಕಿ.

ಇಷ್ಟಾದ ಮೇಲೆ ಟು-ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ. ಆಗ ಪಾಸ್‌ವರ್ಡ್ ಒಂದೇ ಗೊತ್ತಿದ್ದರೆ ಸಾಲದು, ನಿಮ್ಮ ಫೋನೂ ಬೇಕು. ಎಸ್‌ಎಂಎಸ್ ಒಟಿಪಿಗಿಂತ ಆಥೆಂಟಿಕೇಟರ್ ಆ್ಯಪ್ (ಫೋನಿನಲ್ಲೇ ಕೋಡ್ ತೋರಿಸುವ ಆ್ಯಪ್) ಅಥವಾ ಪಾಸ್‌ಕೀ (ಫೋನಿನ ಲಾಕ್ ತೆರೆದು ಲಾಗಿನ್ ಆಗುವ ವಿಧಾನ) ಗಟ್ಟಿ ಅನ್ನುವುದು ನನ್ನ ಅಭಿಪ್ರಾಯ. ಸಿಮ್ ಕಳ್ಳತನವಾದರೆ ಎಸ್‌ಎಂಎಸ್ ಅವರಿಗೇ ಹೋಗುತ್ತದೆ. ಫೋನ್ ಕೈಯಲ್ಲಿಲ್ಲದಾಗ ಒಳಗೆ ಹೋಗಲು ಗೂಗಲ್ 10 ಬ್ಯಾಕಪ್ ಕೋಡ್ ಕೊಡುತ್ತದೆ, ಒಂದೊಂದನ್ನು ಒಂದೇ ಸಲ ಬಳಸಬಹುದು. ನಾನು ಅವನ್ನು ಕೈಯಲ್ಲಿ ಬರೆದು ಸಾವಕಾರರ ತಿಜೋರಿಯಲ್ಲಿ ಇಟ್ಟಿದ್ದೇನೆ. ಫೋನಿನಲ್ಲಿ ಫೋಟೋ ಇಟ್ಟರೆ, ಫೋನ್ ಕಳೆದ ದಿನ ಕೋಡೂ ಕಳೆಯುತ್ತದೆ ಅಲ್ವಾ.

ಒಳಗೇ ಹೋಗಲು ಆಗದಿದ್ದರೆ? ಅಂದರೆ ಅವನೇ ಪಾಸ್‌ವರ್ಡ್ ಬದಲಿಸಿಬಿಟ್ಟಿದ್ದರೆ, ಗೂಗಲ್‌ನ ಅಕೌಂಟ್ ರಿಕವರಿ ಪುಟಕ್ಕೆ ಹೋಗಿ. ನೀವು ದಿನಾ ಬಳಸುವ ಫೋನ್ ಅಥವಾ ಕಂಪ್ಯೂಟರ್‌ನಿಂದ, ದಿನಾ ಕೂರುವ ಜಾಗದಿಂದಲೇ ಪ್ರಯತ್ನಿಸಿ. ಗೂಗಲ್ ಅದನ್ನು ಗುರುತಿಸುತ್ತದೆ. ಅವನು ರಿಕವರಿ ನಂಬರ್ ಬದಲಿಸಿದ್ದರೂ 7 ದಿನದವರೆಗೆ ಹಳೆಯ ನಂಬರಿಗೆ ಕೋಡ್ ಕಳಿಸುವ ಅವಕಾಶ ಕೊಡಬಹುದು. ಆದ್ದರಿಂದ ಮೊದಲ ವಾರ ಬಹಳ ಮುಖ್ಯ. ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ಗೂ ಇಂಥ ಪುಟಗಳಿವೆ. ಅವುಗಳ ವಿಳಾಸದ ಮುಂದೆ ಓರೆಗೆರೆ ಹಾಕಿ 'ಹ್ಯಾಕ್ಡ್' ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ತೆರೆಯುತ್ತದೆ.

ದಯವಿಟ್ಟು 'ಜಿಮೇಲ್ ಕಸ್ಟಮರ್ ಕೇರ್ ನಂಬರ್' ಅಂತ ಹುಡುಕಬೇಡಿ. ಕಳೆದ ಜಿಮೇಲ್ ವಾಪಸ್ ಕೊಡಿಸಲು ಗೂಗಲ್ ಫೋನ್ ನಂಬರ್ ಇಟ್ಟಿಲ್ಲ. ಹುಡುಕಿದಾಗ ಸಿಗುವವರು ಎರಡನೇ ಕಳ್ಳರು. ದುಡ್ಡು ಕೊಟ್ಟರೆ ಖಾತೆ ಬಿಡಿಸಿಕೊಡುತ್ತೇನೆ ಅನ್ನುವವರೂ ಅಷ್ಟೇ.

ಕಾಕಾನ ವಾಟ್ಸ್‌ಆ್ಯಪ್

ಇದೇ ವರ್ಷ ಶಹಾಪುರದ ನಮ್ಮ ಕಾಕಾನಿಗೆ ಇನ್ನೊಂದು ಥರ ಆಯಿತು. ಗೊತ್ತಿದ್ದವರ ನಂಬರಿನಿಂದ ವಾಟ್ಸ್‌ಆ್ಯಪ್‌ನಲ್ಲಿ ಮದುವೆ ಕಾರ್ಡ್ ಬಂತು. ಕಾರ್ಡಿನ ಹೆಸರಿನ ಕೊನೆಗೆ 'ಎಪಿಕೆ' ಅಂತ ಇತ್ತು. ಕಾರ್ಡು ಫೋಟೋ ಆಗಿರುತ್ತದೆ, ಇಲ್ಲ ಪಿಡಿಎಫ್ ಆಗಿರುತ್ತದೆ. ಎಪಿಕೆ ಅಂದರೆ ಆ್ಯಪ್. ಕಾಕಾ ಒತ್ತಿದರು, ಕೇಳಿದ್ದಕ್ಕೆಲ್ಲ ಒಪ್ಪಿಗೆ ಕೊಟ್ಟರು. ಅರ್ಧ ಗಂಟೆಯಲ್ಲಿ ಅವರ ನಂಬರಿನಿಂದ ಇಡೀ ಬಳಗಕ್ಕೆ ಅದೇ ಕಾರ್ಡ್ ಹೋಯಿತು. "ಏನ್ ಮಾಡ್ಲಿ ತಂಗಿ, ಫೋನ್ ತಾನಾ ನಡಿಲಿಕತ್ತದ" ಅಂತ ಪಕ್ಕದ ಮನೆ ಫೋನಿನಿಂದ ಕರೆ ಮಾಡಿದರು.

"ಕಾಕಾ, ಮೊದಲ ಏರೋಪ್ಲೇನ್ ಮೋಡ್ ಹಾಕ್ರಿ, ಆಮೇಲೆ ಸಿಮ್ ತೆಗೀರಿ" ಅಂದೆ. ಇಂಥ ಆ್ಯಪ್ ಎಸ್‌ಎಂಎಸ್ ಓದುತ್ತದೆ. ಸಿಮ್ ಅದೇ ಫೋನಿನಲ್ಲಿದ್ದರೆ ಬ್ಯಾಂಕಿನ ಒಟಿಪಿ ಸೀದಾ ಕಳ್ಳನಿಗೆ ಹೋಗುತ್ತದೆ. ಸಿಮ್ಮನ್ನು ಕಾಕೂ ಅವರ ಸಾದಾ ಫೋನಿಗೆ ಹಾಕಿಸಿದೆ. ಅದರಿಂದಲೇ ಬ್ಯಾಂಕಿಗೆ ಫೋನ್ ಮಾಡಿ ಯುಪಿಐ ಮತ್ತು ನೆಟ್ ಬ್ಯಾಂಕಿಂಗ್ ನಿಲ್ಲಿಸಿದರು. ಮಗನ ಫೋನಿನಲ್ಲಿ ಅವರ ನಂಬರ್ ಹಾಕಿ ವಾಟ್ಸ್‌ಆ್ಯಪ್ ಹೊಸದಾಗಿ ತೆರೆದರು. ಸಾದಾ ಫೋನಿಗೆ 6 ಅಂಕಿಯ ಕೋಡ್ ಬಂತು. ಅದನ್ನು ಹಾಕಿದ ತಕ್ಷಣ ಬೇರೆ ಕಡೆ ಆ ನಂಬರಿನಲ್ಲಿ ನಡೆಯುತ್ತಿದ್ದ ವಾಟ್ಸ್‌ಆ್ಯಪ್ ಬಂದ್ ಆಗುತ್ತದೆ. ಕೆಟ್ಟ ಫೋನನ್ನು ಕೊನೆಗೆ ಫ್ಯಾಕ್ಟರಿ ರೀಸೆಟ್ ಮಾಡಿದರು. ಫೋಟೋಗಳು ಹೋದವು, ಕಾಕಾನಿಗೆ ಬೇಜಾರಾಯಿತು. ಬೇರೆ ದಾರಿ ಇರಲಿಲ್ಲ.

ಕೋಡ್ ಹಾಕಿದ ಮೇಲೆ ನೀವು ಎಂದೂ ಇಡದ ಪಿನ್ ಕೇಳಿದರೆ, ಆ ಪಿನ್ ಇಟ್ಟವನು ಕಳ್ಳ. ಆಗ 7 ದಿನ ಕಾಯಬೇಕು. ಆದರೆ ಎಸ್‌ಎಂಎಸ್ ಕೋಡ್ ಹಾಕಿದ್ದರಿಂದ ಅವನೂ ಅಷ್ಟರಲ್ಲಿ ಹೊರಗೆ ಬಿದ್ದಿರುತ್ತಾನೆ. ಫೋನ್ ಸರಿಯಿದ್ದೂ ಗುಮಾನಿ ಇದ್ದರೆ 'ಲಿಂಕ್ಡ್ ಡಿವೈಸಸ್' ನೋಡಿ, ಗೊತ್ತಿಲ್ಲದ ಕಂಪ್ಯೂಟರ್ ಇದ್ದರೆ ಲಾಗ್ ಔಟ್ ಮಾಡಿ. ಕಾಲ್ ಸೆಟ್ಟಿಂಗ್ಸ್‌ನಲ್ಲಿ ಕಾಲ್ ಫಾರ್ವರ್ಡಿಂಗ್ ಆನ್ ಇದೆಯಾ ಅಂತಲೂ ನೋಡಿ. ಮನೆಯ ಹಿರಿಯರ ಫೋನಿನಲ್ಲಿ ವಾಟ್ಸ್‌ಆ್ಯಪ್‌ನ 6 ಅಂಕಿಯ ಪಿನ್ ಇವತ್ತೇ ಹಾಕಿಕೊಡಿ.

ಹಣ ಹೋಗಿದ್ದರೆ

ಹಣ ಹೋಗಿದ್ದರೆ ಮೇಲೆ ಹೇಳಿದ್ದನ್ನೆಲ್ಲ ಅರ್ಧಕ್ಕೆ ಬಿಟ್ಟು 1930ಕ್ಕೆ ಫೋನ್ ಮಾಡಿ. ಇದು ಸೈಬರ್ ವಂಚನೆಗೆ ಇರುವ ದೇಶದ ಸಹಾಯವಾಣಿ. ಕದ್ದ ಹಣ ಒಂದು ಖಾತೆಯಲ್ಲಿ ನಿಲ್ಲುವುದಿಲ್ಲ, ನಿಮಿಷಗಳಲ್ಲಿ ನಾಲ್ಕಾರು ಖಾತೆ ದಾಟುತ್ತದೆ. ದಾಟುವ ಮುಂಚೆ ತಡೆಹಿಡಿಯಲು ಈ ನಂಬರ್. ಯುಟಿಆರ್ ನಂಬರ್ (ಹಣ ವರ್ಗಾವಣೆಯ ಗುರುತಿನ ಸಂಖ್ಯೆ), ಎಷ್ಟು ಹಣ, ಎಷ್ಟು ಹೊತ್ತಿಗೆ, ಯಾವ ಖಾತೆಗೆ, ಇಷ್ಟು ಕೈಯಲ್ಲಿಟ್ಟುಕೊಳ್ಳಿ. ಕೊಟ್ಟ ದೂರಿನ ನಂಬರ್ ಬರೆದುಕೊಳ್ಳಿ. ಆಮೇಲೆ ಕೇಂದ್ರ ಗೃಹ ಇಲಾಖೆಯ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಪೂರ್ತಿ ದೂರು ದಾಖಲಿಸಿ. ಫೋಟೋಗಳನ್ನು ಅಲ್ಲೇ ಹಾಕಬಹುದು.

ಬ್ಯಾಂಕಿಗೂ ಅದೇ ದಿನ ಬರಹದಲ್ಲಿ ತಿಳಿಸಿ, ಸ್ವೀಕೃತಿ ಪಡೆಯಿರಿ. ಆರ್‌ಬಿಐ 2017ರ ಜುಲೈನಲ್ಲಿ ಒಂದು ಸುತ್ತೋಲೆ ಹೊರಡಿಸಿತ್ತು. ನಿಮ್ಮ ತಪ್ಪೂ ಇಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ ಮೂರನೆಯವರಿಂದ ಹಣ ಹೋಗಿ, ನೀವು 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮ ಮೇಲೆ ಬರಬಾರದು ಅಂದಿತ್ತು ಅದು. ಒಟಿಪಿ ನೀವೇ ಕೊಟ್ಟಿದ್ದರೆ, ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ಮೇಲಿನದು ಬ್ಯಾಂಕಿನದು ಅಂತಲೂ ಅದರಲ್ಲಿತ್ತು. ಹಾಗಾಗಿ 'ನಾನೇ ಒಟಿಪಿ ಕೊಟ್ಟೆ' ಅಂತ ನಾಚಿಕೆಯಿಂದ ಸುಮ್ನೆ ಕೂರಬೇಡಿ. ಆಗಲೂ ಬೇಗ ಹೇಳಿದಷ್ಟು ಒಳ್ಳೆಯದು.

ಹಣ ಹೋಗದಿದ್ದರೂ ದೂರು ಕೊಡಬಹುದು. ಬೇರೆಯವರ ಪಾಸ್‌ವರ್ಡ್ ಬಳಸಿ ಮೋಸ ಮಾಡುವುದು ಐಟಿ ಕಾಯ್ದೆಯ 66ಸಿ ಸೆಕ್ಷನ್ ಪ್ರಕಾರ ಅಪರಾಧ, 3 ವರ್ಷದವರೆಗೆ ಜೈಲು ಆಗಬಹುದು. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಸೆನ್ ಪೊಲೀಸ್ ಠಾಣೆ ಇದೆ, ಸೈಬರ್ ದೂರು ಅಲ್ಲಿ ತೆಗೆದುಕೊಳ್ಳುತ್ತಾರೆ. ನಾವೂ ಕೊಟ್ಟೆವು. ನಕಲಿ ಬಿಲ್ಲಿನ ಪ್ರಿಂಟ್ ಮತ್ತು ಐಪಿ ಪಟ್ಟಿ ಜೊತೆಗೆ ಒಯ್ದದ್ದರಿಂದ ಮಾತು ಬೇಗ ಮುಗಿಯಿತು. ನಕಲಿ ಬಿಲ್ಲಿನಲ್ಲಿದ್ದ ಖಾತೆಗೆ ನಾಳೆ ಇನ್ಯಾರೋ ಹಣ ಹಾಕುವುದು ತಪ್ಪಬಹುದು.

ನಮ್ಮ ಕಡೆ ಬಹಳ ಊರುಗಳಲ್ಲಿ ಜನ ಆಧಾರ್ ನಂಬರ್ ಕೊಟ್ಟು, ಬೆರಳಚ್ಚು ಒತ್ತಿ ಬ್ಯಾಂಕಿನ ಹಣ ತೆಗೆಯುತ್ತಾರೆ. ಆ ಬೆರಳಚ್ಚನ್ನು ಬೇರೆಯವರು ಬಳಸದಿರಲಿ. ಮನೆಯ ಹಿರಿಯರ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಡಿ, ಬೇಕಾದಾಗ ತೆರೆಯಬಹುದು. ಸಂಶಯವಿದ್ದರೆ ಆಧಾರ್ ಸಹಾಯವಾಣಿ 1947ಕ್ಕೆ ಕೇಳಿ.

ಫೋನ್ ಮಾಡಿ ಹೇಳಿ

ಮೇಲ್‌ನಲ್ಲಿ ನುಗ್ಗಿದವನ ಸುದ್ದಿಯನ್ನು ಮೇಲ್‌ನಲ್ಲೇ ಹೇಳಿದರೆ ನಂಬುವುದು ಹೇಗೆ? ನಾನು ಪಾರ್ಟಿಗಳ ಪಟ್ಟಿ ಹಿಡಿದು ಎರಡು ದಿನ ಒಬ್ಬೊಬ್ಬರಿಗೂ ಫೋನ್ ಮಾಡಿದೆ. ನಂಬರನ್ನು ಹಳೆಯ ಡೈರಿಯಿಂದ ತೆಗೆದುಕೊಂಡೆ, ಮೇಲ್‌ನಿಂದ ಅಲ್ಲ. ಮಿಲ್‌ನ ಹೆಸರು ಕೆಡುತ್ತದೆ ಅನ್ನುವ ಚಿಂತೆ ಸಾವಕಾರರಿಗೆ ಇತ್ತು. ಮದುರೈನವರು ಅವರಿಗೇ ಫೋನ್ ಮಾಡಿ "ಹೇಳಿದ್ದು ಒಳ್ಳೆಯದಾಯಿತು" ಅಂದ ಮೇಲೆ ಸುಮ್ಮನಾದರು. ಈಗ ನಮ್ಮ ಪ್ರತಿ ಬಿಲ್ಲಿನ ಕೆಳಗೆ ಒಂದು ಸಾಲು ಅಚ್ಚಾಗಿರುತ್ತದೆ: "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ ಎಂಬ ಮೇಲ್ ಬಂದರೆ ಹಣ ಹಾಕುವ ಮೊದಲು ಫೋನ್ ಮಾಡಿ."

ಆ ಮೇಲ್ ಕೊಟ್ಟು ತೆರೆದ ಬೇರೆ ಖಾತೆಗಳ ಪಾಸ್‌ವರ್ಡನ್ನೂ ಬದಲಿಸಿದೆ. ಮೊದಲು ಬ್ಯಾಂಕ್, ಆಮೇಲೆ ಜಿಎಸ್‌ಟಿ, ಇ-ವೇ ಬಿಲ್. ನಿಮ್ಮದರಲ್ಲಿ ಡಿಜಿಲಾಕರ್, ಶಾಪಿಂಗ್ ಆ್ಯಪ್ ಇರಬಹುದು.

ಆಮೇಲೆ ಮೂರು ತಿಂಗಳು ಪ್ರತಿ ಸೋಮವಾರ ಫಿಲ್ಟರ್, ಫಾರ್ವರ್ಡಿಂಗ್, ಸಾಧನಗಳ ಪಟ್ಟಿ ನೋಡಿದೆ. ಐದು ನಿಮಿಷದ ಕೆಲಸ. ಈಗ ತಿಂಗಳಿಗೊಮ್ಮೆ. ಇವತ್ತು ಬೆಳಿಗ್ಗೆ ನೋಡಿದಾಗ ಪಟ್ಟಿಯಲ್ಲಿ ಎರಡೇ ಇದ್ದವು: ಮಿಲ್‌ನ ಕಂಪ್ಯೂಟರ್, ನನ್ನ ಫೋನ್.